ನಲವತ್ತು ನಿಮಿಷದ ದಾರಿಗೆ ಏಳೂವರೆ ಗಂಟೆ

"ಅಳಿಯಂದಿರು ಎಷ್ಟು ಹೊತ್ತಿಗೆ ಮುಟ್ಟುವುದು?" ಎಂದು ಪುತ್ತೂರಿನಿಂದ ಮಾವನವರು ಫೋನಿನಲ್ಲಿ ಕೇಳಿದಾಗ ನಾನು ಕೊಟ್ಟ ಉತ್ತರ ನೆನೆಸಿಕೊಂಡರೆ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ. "ಒಂದು ಗಂಟೆ ಐದು ನಿಮಿಷ ಮಾವ, ವಿಮಾನದಲ್ಲಿ ಬರ್ತಾ ಇದೀವಿ" ಅಂದಿದ್ದೆ. ಅವರು ಕೇಳಿದ್ದು ಎಷ್ಟು ಹೊತ್ತಿಗೆ ಎಂದು. ನಾನು ಹೇಳಿದ್ದು ಎಷ್ಟು ಹೊತ್ತು ಎಂದು. ವ್ಯತ್ಯಾಸ ಒಂದೇ ಒಂದು 'ಗೆ'. ಆ 'ಗೆ' ಎಷ್ಟು ಆಳವಾದ ಹೊಂಡ ಎಂಬುದು ನನಗೆ ಗೊತ್ತಾಗಿದ್ದು ಹೋಳಿಗೆ ಆರಿದ ಮೇಲೆ.

ಜನವರಿ ಕೊನೆಯಲ್ಲಿ ಚಿಕ್ಕಮಾವನ ಹೊಸ ಮನೆಯ ಒಕ್ಕಲು. ಹನ್ನೆರಡೂವರೆಗೆ ಮೊದಲ ಪಂಕ್ತಿ. ಪುತ್ತೂರಿನವರು ಹನ್ನೆರಡೂವರೆ ಅಂದರೆ ಹನ್ನೆರಡೂವರೆಯೇ. ನಮ್ಮ ಮಂಡ್ಯದ ಕಡೆಯ ಹಾಗೆ ಅದು ಎರಡು ಗಂಟೆಯ ಇನ್ನೊಂದು ಹೆಸರಲ್ಲ. ಕೆಂಗೇರಿಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವ ಹೆಂಡತಿಯ ತಮ್ಮ ಕಾರಿನಲ್ಲಿ ಹೊರಟಿದ್ದರು. ನಮ್ಮ ಕಡೆಯಾದರೆ ಅವರು ಭಾಮೈದ, ನಾನು ಭಾವ, ಮೇಲುಗೈ ನನ್ನದು. ಅವರ ಕಡೆ ನಾನೂ ಭಾವ, ಅವರೂ ಭಾವ. ಮದುವೆಯಾದ ದಿನವೇ ನನ್ನ ಒಂದು ಮೆಟ್ಟಿಲು ಕಿತ್ತುಕೊಂಡ ಪದ್ಧತಿ ಇದು.

"ಕಾರಲ್ಲಿ ಜಾಗ ಉಂಟು ಭಾವ, ಒಟ್ಟಿಗೆ ಹೋಗುವ" ಎಂದು ಅವರು ಕರೆದದ್ದು ನಿಜ. ನನಗೋ ಶಿರಾಡಿ ಘಾಟಿಯ ನಾಲ್ಕನೇ ತಿರುವಿಗೇ ಬೆಳಗಿನ ಇಡ್ಲಿ ವಾಪಸು ಹೊರಡುತ್ತದೆ. ಆದರೆ ಅದನ್ನು ಹೇಳಲಾದೀತೆ? "ನೀವು ಶಿರಾಡಿಯಲ್ಲಿ ಲಾರಿ ಹಿಂದೆ ತೆವಳ್ತಾ ಇರಿ ಭಾವ, ನಾನು ಅಲ್ಲಿ ಎರಡನೇ ಸಲ ಕಾಫಿ ಕುಡೀತಾ ಇರ್ತೀನಿ" ಅಂದುಬಿಟ್ಟೆ. ಭಾವ ನಕ್ಕರು. ಅವರು ಹೆಚ್ಚು ಮಾತಾಡುವವರಲ್ಲ. ನಗುವವರು. ಅದೇ ತೊಂದರೆ.

ಆ ರಾತ್ರಿ ಮಗಳು ಮೊಬೈಲು ನೋಡಿ ಘೋಷಿಸಿದಳು: "ಅಪ್ಪಾ, ಬೆಂಗಳೂರು ಏರ್‌ಪೋರ್ಟಿಂದ ಮಂಗಳೂರು ಏರ್‌ಪೋರ್ಟಿಗೆ ಸುಮಾರು 306 ಕಿಲೋಮೀಟರ್."

"ಯಾವ ದಾರೀಲಿ?"

"ದಾರಿಯೇ ಇಲ್ಲಪ್ಪ. ಸುಮ್ಮನೆ ಇಲ್ಲಿಂದ ಅಲ್ಲಿಗೆ."

ದಾರಿಯೇ ಇಲ್ಲದ ದೂರ! ನನಗೆ ಬಹಳ ಹಿಡಿಸಿತು. ಶಾಲೆಯ ಅಟ್ಲಾಸು ತೆಗೆದು ಕೂತೆ. ದೇವನಹಳ್ಳಿಯೂ ಬಜ್ಪೆಯೂ ಹೆಚ್ಚು ಕಡಿಮೆ ಒಂದೇ ಸಾಲಿನಲ್ಲಿವೆ, ಉತ್ತರ ಅಕ್ಷಾಂಶ 13 ಡಿಗ್ರಿಯ ಆಚೀಚೆ. ರೇಖಾಂಶದಲ್ಲಿ ಇರುವ ಅಂತರ 2.8 ಡಿಗ್ರಿ. ಭೂಮಧ್ಯರೇಖೆಯ ಮೇಲೆ ಒಂದು ಡಿಗ್ರಿಗೆ 111 ಕಿಲೋಮೀಟರ್. ನಾವು ಸ್ವಲ್ಪ ಮೇಲಿರುವುದರಿಂದ ನಮ್ಮ ಪಾಲಿಗೆ ಸುಮಾರು 108. ಗುಣಿಸಿದರೆ 300ರ ಮೇಲೆ ಚಿಲ್ಲರೆ. ಲೆಕ್ಕ ತಾಳೆ ಬಿತ್ತು. ಗಂಟೆಗೆ 830 ಕಿಲೋಮೀಟರ್ ಹೋಗುವ ಜೆಟ್ ವಿಮಾನಕ್ಕೆ ಇದು ಇಪ್ಪತ್ತೆರಡು ನಿಮಿಷದ ಕೆಲಸ. ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆ ಐದು ನಿಮಿಷ ಎಂದಿತ್ತು. ಉಳಿದ ನಲವತ್ತಮೂರು ನಿಮಿಷ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ಅವತ್ತೇ ಎದ್ದಿದ್ದರೆ ನಾನು ಭಾವನ ಕಾರು ಹತ್ತುತ್ತಿದ್ದೆ. ಏಳಲಿಲ್ಲ.

ನಮ್ಮ ಅಜ್ಜಿ ಈ ತಪ್ಪು ಮಾಡುತ್ತಿರಲಿಲ್ಲ. ಅವಳಿಗೆ ದೂರವೂ ಹೊತ್ತೂ ಬೇರೆಬೇರೆ ವಸ್ತುಗಳೇ ಅಲ್ಲ. ಪಕ್ಕದ ಊರು ಎಷ್ಟು ದೂರ ಅಂದರೆ "ಎರಡು ಸಲ ಎಲೆಅಡಿಕೆ ಹಾಕೋವಷ್ಟು" ಅನ್ನುತ್ತಿದ್ದಳು. ಅವಳ ಕಾಲದವರಿಗೆ ಕೂಗಳತೆ ಇತ್ತು, ಹರದಾರಿ ಇತ್ತು, ಗಾವುದ ಇತ್ತು. ಎಲ್ಲವೂ ಕಾಲಿಗೋ ಗಂಟಲಿಗೋ ಗೊತ್ತಿದ್ದ ಅಳತೆಗಳು. ನಾವು ಅವನ್ನೆಲ್ಲ ಬಿಟ್ಟು ಕಿಲೋಮೀಟರಿಗೆ ಬಂದೆವು. ವಿಮಾನದವರು ನೋಡಿ, ಇವತ್ತಿಗೂ ಹಡಗಿನವರ ನಾಟಿಕಲ್ ಮೈಲಿಯನ್ನು ಬಿಟ್ಟಿಲ್ಲ. ಭೂಮಿಯ ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿ, ಒಂದು ಪಾಲಿಗೆ ಒಂದು ಮೈಲಿ ಎಂದು ಹಿಡಿದದ್ದು, 1,852 ಮೀಟರ್. ಅವರ ಲೆಕ್ಕದಲ್ಲಿ ಮಂಗಳೂರು ಬರೀ 165 ಮೈಲಿ. ಕೇಳಿದರೆ ಇನ್ನೂ ಹತ್ತಿರ ಅನ್ನಿಸುತ್ತದೆ. ಟಿಕೆಟ್ ಮಾರುವವರು ಇದನ್ನೇಕೆ ಬಳಸಿಕೊಂಡಿಲ್ಲವೋ ಕಾಣೆ.

ಮಗಳ ಮೇಜಿನ ಮೇಲೆ ಒಂದು ಗ್ಲೋಬು ಇತ್ತು. ಹೂ ಕಟ್ಟುವ ದಾರ ತಂದು ಬೆಂಗಳೂರಿನಿಂದ ಮಂಗಳೂರಿಗೆ ಎಳೆಯೋಣ ಅಂದರೆ ದಾರದ ಗಂಟೇ ಎರಡೂ ಊರನ್ನು ಮುಚ್ಚಿಬಿಟ್ಟಿತು. ಅಕ್ಕಪಕ್ಕದ ಊರು ಬೇಡವೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದೆ. ಚೀನಾ, ಜಪಾನು, ಪೆಸಿಫಿಕ್ ಸಾಗರ ಎಂದು ಅಡ್ಡಡ್ಡ ಹೋಗಬೇಕಿದ್ದ ದಾರ, ಬಿಗಿ ಮಾಡಿದ ಕೂಡಲೇ ಜಾರಿ ಉತ್ತರ ಧ್ರುವದ ಹತ್ತಿರ ಹೋಗಿ ಕೂತಿತು. ಗೋಡೆಯ ನಕಾಶೆಯಲ್ಲಿ ಸುತ್ತುಬಳಸಾಗಿ ಕಾಣುವುದೇ ಉರುಟು ಭೂಮಿಯ ಮೇಲೆ ನೇರದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದದ್ದು ಹಾಗೆಯೇ, ಧ್ರುವದ ಮೇಲಿಂದ. ಕ್ಯಾಪ್ಟನ್ ಝೋಯಾ ಅಗರ್ವಾಲ್ ಮುಂದಾಳು, ಕಾಕ್‌ಪಿಟ್ಟಿನಲ್ಲಿ ಇದ್ದವರೆಲ್ಲ ಹೆಂಗಸರೇ. ಸುಮಾರು 14,000 ಕಿಲೋಮೀಟರ್, ಹದಿನೇಳು ಗಂಟೆಯ ಹತ್ತಿರ. ಈ ಹದಿನೇಳನ್ನು ನೆನಪಿನಲ್ಲಿಡಿ. ಮಗಳು ನೆನಪಿನಲ್ಲಿಟ್ಟುಕೊಂಡಳು.

ಎಂಟೂ ಮುಕ್ಕಾಲರ ವಿಮಾನ. ಬೆಳಗಿನ ಐದೂಕಾಲಿಗೆ ಮನೆ ಬಿಟ್ಟೆವು. ಬೀದಿಯ ತುದಿಯಲ್ಲಿ ಭಾವನ ಕಾರೂ ಹೊರಟಿತು. ಅವರು ಎಡಕ್ಕೆ ತಿರುಗಿ ಪಡುವಣದ ಹಾದಿ ಹಿಡಿದರು, ನಾವು ಬಲಕ್ಕೆ.

"ಪುತ್ತೂರು ಪಡುವಲ್ಲಿ ಅಲ್ವಾ? ನಾವೆಂತಕ್ಕೆ ಮೂಡಕ್ಕೆ ಹೋಗುವುದು?" ಎಂದಳು ನನ್ನವಳು.

"ವಿಮಾನ ಅಲ್ಲಿದೆಯಲ್ಲ."

"ಓ."

ಈ "ಓ"ದಲ್ಲಿ ದಕ್ಷಿಣ ಕನ್ನಡದ ಹೆಂಗಸರು ಏನೇನು ತುಂಬಬಲ್ಲರು ಎಂಬುದು ಅವರನ್ನು ಮದುವೆಯಾದವರಿಗೇ ಗೊತ್ತು.

2008ರ ಮೇ ತಿಂಗಳವರೆಗೆ ಊರೊಳಗಿನ ಎಚ್‌ಎಎಲ್ ನಿಲ್ದಾಣದಿಂದಲೇ ವಿಮಾನಗಳು ಹೋಗುತ್ತಿದ್ದವು. ಆಮೇಲೆ ದೇವನಹಳ್ಳಿ. ಟಿಪ್ಪು ಹುಟ್ಟಿದ ಊರು, ಚಕ್ಕೋತದ ಊರು, ಅದೆಲ್ಲ ಸರಿಯೆ. ಕೆಂಗೇರಿಯವನಿಗೆ ಮಾತ್ರ ಅದು ಊರಿನ ಇನ್ನೊಂದು ತುದಿಯಾಚೆ ಐವತ್ತು ಕಿಲೋಮೀಟರ್. ನಾವು ಹೆಬ್ಬಾಳದ ಮೇಲ್ಸೇತುವೆ ದಾಟುವಾಗ ಭಾವ ಒಂದು ಫೋಟೋ ಕಳಿಸಿದರು: ಕುಣಿಗಲ್ ಕೆರೆಯ ಮೇಲೆ ಸೂರ್ಯ ಏಳುವುದಕ್ಕೆ ಮುಂಚಿನ ಕೆಂಪು. ಕೆಳಗೆ ಒಂದಕ್ಷರ ಬರೆದಿರಲಿಲ್ಲ.

ನಿಲ್ದಾಣದಲ್ಲಿ ಮಂಜು. ಚಳಿಗಾಲದ ಬೆಳಗ್ಗೆ ದೇವನಹಳ್ಳಿಯ ಬಯಲಿನ ಮೇಲೆ ಅದು ಹಾಲಿನ ಕೆನೆಯ ಹಾಗೆ ಕಟ್ಟುತ್ತದೆ. ಯಾರನ್ನೂ ಬೈಯುವಂತಿಲ್ಲ, ಅದೇ ಸಂಕಟ. ಕಿಟಕಿಯ ಗಾಜಿನಾಚೆ ನಮ್ಮ ವಿಮಾನದ ಬಾಲ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಅದರ ಗಾಲಿಗೆ ಎರಡು ಕಡೆಯಿಂದ ಹಳದಿ ಬೆಣೆ ಕೊಟ್ಟಿದ್ದರು, ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯ ಚಕ್ರಕ್ಕೆ ಕ್ಲೀನರ್ ಕಲ್ಲು ಕೊಡುವ ಹಾಗೆಯೇ. ವಿಮಾನ ರಿಪೇರಿ ಕಲಿತ ನನ್ನ ಅಕ್ಕನ ಮಗ ಹಿಂದೊಮ್ಮೆ ಹೇಳಿದ್ದ: ಟಿಕೆಟ್ಟಿನಲ್ಲಿರುವ ಸಮಯ ಹಾರುವ ಸಮಯವಲ್ಲ ಮಾವ, ಈ ಬೆಣೆ ತೆಗೆದ ಗಳಿಗೆಯಿಂದ ಆ ಊರಿನಲ್ಲಿ ಬೆಣೆ ಕೊಟ್ಟ ಗಳಿಗೆಯವರೆಗಿನದು. ಮಧ್ಯೆ ರನ್‌ವೇ ತನಕ ತೆವಳುವುದು, ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ಮತ್ತೆ ತೆವಳುವುದು ಎಲ್ಲ ಅದರೊಳಗೇ. ಅದು ಸಾಲದು ಎಂದು ಕಂಪನಿಯವರು ಹತ್ತಿಪ್ಪತ್ತು ನಿಮಿಷ ಮಡಿಲಲ್ಲಿ ಕಟ್ಟಿಕೊಂಡೂ ಇರುತ್ತಾರೆ. ತಡವಾಗಿ ಹೊರಟ ವಿಮಾನವೂ "ಹೇಳಿದ ವೇಳೆಗೆ ಮುಂಚೆಯೇ ಬಂದಿಳಿದಿದ್ದೇವೆ" ಎಂದು ಗಗನಸಖಿಯ ಬಾಯಲ್ಲಿ ಹೇಳಿಸುವುದು ಹೀಗೆ. ಇಷ್ಟಾಗಿಯೂ ತಡವಾದರೆ? ಹದಿನೈದು ನಿಮಿಷದೊಳಗಿನ ತಡವನ್ನು ವಿಮಾನಲೋಕದ ಲೆಕ್ಕದಲ್ಲಿ ತಡ ಅನ್ನುವುದೇ ಇಲ್ಲ. ನನ್ನ ಕಚೇರಿಯಲ್ಲಿ ಈ ಧರ್ಮ ಇದ್ದಿದ್ದರೆ ನನಗೆ ಇಷ್ಟು ಹೊತ್ತಿಗೆ ಎರಡು ಬಡ್ತಿ ಸಿಗುತ್ತಿತ್ತು.

ಬೆಣೆ ತೆಗೆದಾಗ ಒಂಬತ್ತು ಇಪ್ಪತ್ತೈದು. ನೆಲ ಬಿಟ್ಟಾಗ ಒಂಬತ್ತೂ ಮುಕ್ಕಾಲು. ಗಾಳಿ ಮೂಡಲಿಂದ ಬೀಸುತ್ತಿತ್ತೋ ಏನೋ, ವಿಮಾನ ಮೂಗು ಎತ್ತಿದ್ದೂ ಮೂಡಲಿಗೇ. ಅಲ್ಲಿನ ಎರಡು ರನ್‌ವೇಗಳೂ ಮೂಡು-ಪಡು ಮಲಗಿವೆ, ಗಾಳಿಗೆ ಎದುರಾಗಿ ಏಳಬೇಕು. ಮಂಗಳೂರಿಗೆ ಹೊರಟ ನಾವು ಕೋಲಾರದ ಕಡೆಗೆ ಓಡಿದೆವು.

"ಇನ್ನೂ ಮೂಡಕ್ಕೇ ಹೋಗ್ತಾ ಉಂಟಲ್ಲ ಮಾರಾಯ್ರೇ" ಎಂದಳು ಕಿಟಕಿಯ ಪಕ್ಕದವಳು.

ಕೊನೆಗೆ ರೆಕ್ಕೆ ಓರೆ ಮಾಡಿ ತಿರುಗಿತು. ಹತ್ತುತ್ತಾ ಹೋಯಿತು. ಇನ್ನೇನು ಸಮತಟ್ಟಾಗಿ ಆರಾಮವಾಗಿ ಹೋಗುತ್ತದೆ, ಕಾಲು ಚಾಚೋಣ ಅನ್ನುವಾಗ ಎಂಜಿನ್ನಿನ ಸದ್ದು ಇಳಿಯಿತು. ನನಗೆ ಎದೆ ಧಸಕ್ಕೆಂದಿತು. ಆಗ ನೆನಪಾಯಿತು, ಅಕ್ಕನ ಮಗನ ಇನ್ನೊಂದು ಸೂತ್ರ: ಎಷ್ಟು ಸಾವಿರ ಅಡಿ ಮೇಲಿದ್ದೀಯೋ ಅದನ್ನು ಮೂರರಿಂದ ಗುಣಿಸು, ಅಷ್ಟು ನಾಟಿಕಲ್ ಮೈಲಿ ಇರುವಾಗಲೇ ಇಳಿಯಲು ಶುರು ಮಾಡಬೇಕು. 24,000 ಅಡಿಯಲ್ಲಿದ್ದರೆ 72 ಮೈಲಿ, ಅಂದರೆ 133 ಕಿಲೋಮೀಟರ್. ಬಜ್ಪೆಯಿಂದ ನೇರವಾಗಿ 130 ಕಿಲೋಮೀಟರ್ ಹಿಂದಕ್ಕೆ ಬಂದರೆ ಯಾವ ಊರು? ಹಾಸನ! ಹಾಸನದ ನೆತ್ತಿಯ ಮೇಲೆಯೇ ಮಂಗಳೂರಿಗೆ ಇಳಿಯಬೇಕು. ಹತ್ತುವುದಕ್ಕೆ ಒಂದು ಪಾಲು, ಇಳಿಯುವುದಕ್ಕೆ ಒಂದು ಪಾಲು, ನಡುವೆ ಜೆಟ್ಟಿನ ಪೂರ್ತಿ ವೇಗ ತೋರಿಸಲು ಉಳಿದದ್ದು ಒಂದು ಸೀನು ಸೀನುವಷ್ಟು. 830ರ ವೇಗ ಎಂಬುದು ಈ ದಾರಿಯಲ್ಲಿ ಬೀರುವಿನಲ್ಲಿಟ್ಟ ರೇಷ್ಮೆ ಸೀರೆ. ಇದೆ, ಆದರೆ ಉಡುವುದಿಲ್ಲ. ಗಂಟೆಗೆ ಐನೂರು ಕಿಲೋಮೀಟರಿನ ಚಿಲ್ಲರೆಯಲ್ಲಿ ಪಂಖ ತಿರುಗಿಸಿಕೊಂಡು ಹೋಗುವ ಎಟಿಆರ್ ವಿಮಾನವೂ ಇಂಥ ದಾರಿಯಲ್ಲಿ ಜೆಟ್ಟಿಗಿಂತ ಬಹಳ ಹಿಂದೆ ಬೀಳದಿರುವುದು ಇದಕ್ಕೇ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಸಣ್ಣ ಊರುಗಳಿಗೆ ಅದನ್ನೇ ಹಾರಿಸಿದರು.

ಇದಕ್ಕಿಂತ ಮೋಜಿನದು ಸ್ಕಾಟ್ಲೆಂಡಿನಲ್ಲಿದೆ. ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಲೋಗನ್‌ಏರ್ ಕಂಪನಿಯ ಪುಟ್ಟ ವಿಮಾನ ಹಾರುತ್ತದೆ. ದೂರ 2.7 ಕಿಲೋಮೀಟರ್. ವೇಳಾಪಟ್ಟಿಯಲ್ಲಿ ಎರಡು ನಿಮಿಷ, ದಾಖಲೆ 53 ಸೆಕೆಂಡು. ದೇವನಹಳ್ಳಿಯ ಒಂದು ರನ್‌ವೇಯೇ 4 ಕಿಲೋಮೀಟರ್ ಉದ್ದ ಇದೆ. ಎಂದರೆ ಆ ಎರಡೂ ಊರನ್ನು ನಮ್ಮ ರನ್‌ವೇ ಮೇಲೆ ಇಟ್ಟರೂ ಒಂದು ಸಂತೆ ನಡೆಸುವಷ್ಟು ಜಾಗ ಮಿಗುತ್ತದೆ. ಅಲ್ಲಿನ ಅಳಿಯಂದಿರು ಮಾವನಿಗೆ ಏನು ಹೇಳುತ್ತಾರೋ!

ಸಕಲೇಶಪುರ ಕಳೆದ ಮೇಲೆ ಘಟ್ಟ ಕಾಣಿಸಿತು. ಹಸಿರು ಮಡಿಕೆ ಮಡಿಕೆ. ಕೆಳಗೆ ಎಲ್ಲೋ ಆ ರೈಲು ದಾರಿ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರಿನಲ್ಲಿ 57 ಸುರಂಗ. ಮಗಳು ಹಣೆಯನ್ನು ಗಾಜಿಗೆ ಒತ್ತಿ "ಮಾವನ ಕಾರು ಕಾಣುತ್ತಾ?" ಎಂದು ಹುಡುಕಿದಳು. ಅಷ್ಟರಲ್ಲಿ ನನ್ನವಳು ತಣ್ಣಗೆ ಕೇಳಿದಳು: "ಉಪ್ಪಿನಂಗಡಿ ದಾಟಿತಾ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಯಾಕೆಂದರೆ ಪುತ್ತೂರು ಇರುವುದು ಮಂಗಳೂರಿಗಿಂತ ಈಚೆಗೆ. ಕಾರಿನವರು ಉಪ್ಪಿನಂಗಡಿಯಲ್ಲಿ ಎಡಕ್ಕೆ ಹೊರಳಿದರೆ ಹತ್ತು ಹದಿನೈದು ಕಿಲೋಮೀಟರಿಗೆ ಮಾವನ ಮನೆ. ನಾವು ಅದೇ ಸೀಮೆಯ ಆಕಾಶ ದಾಟಿ, ಸಮುದ್ರ ಕಾಣುವವರೆಗೆ ಹೋಗಿ, ಗುಡ್ಡದ ತಲೆ ಕಡಿದು ಮಾಡಿದ ಬಜ್ಪೆಯ ರನ್‌ವೇ ಮೇಲೆ ಇಳಿದು, ಬಂದ ದಿಕ್ಕಿಗೇ ಐವತ್ತಕ್ಕೂ ಮಿಕ್ಕಿ ಕಿಲೋಮೀಟರ್ ವಾಪಸು ಹೋಗಬೇಕು. ಬೆಳಗ್ಗೆ ಪಡುವಣಕ್ಕೆ ಹೋಗಲು ಮೂಡಣಕ್ಕೆ ಹೋದವರು, ಈಗ ಮೂಡಣಕ್ಕೆ ಬರಲು ಪಡುವಣಕ್ಕೆ ಬಂದಿದ್ದೆವು.

ಹತ್ತು ಇಪ್ಪತ್ತೈದಕ್ಕೆ ಗಾಲಿ ನೆಲ ಮುಟ್ಟಿತು. ಹಾರಿದ್ದು ನಲವತ್ತು ನಿಮಿಷ, ಪಾಪ, ವಿಮಾನದ್ದು ಏನೂ ತಪ್ಪಿಲ್ಲ. ಉಡುಗೊರೆಗೆಂದು ನನ್ನವಳು ಕಟ್ಟಿಕೊಂಡಿದ್ದ ಹತ್ತು ಲೀಟರ್ ಕುಕ್ಕರಿನ ಪೆಟ್ಟಿಗೆ ಬೆಲ್ಟಿನ ಮೇಲೆ ಕೊನೆಯದಾಗಿ ಮೆರವಣಿಗೆ ಬಂತು. ಹನ್ನೊಂದಕ್ಕೆ ಟ್ಯಾಕ್ಸಿ. ಬಿ.ಸಿ. ರೋಡಿನಲ್ಲಿ ರಸ್ತೆ ಅಗಲ ಮಾಡುವ ಕೆಲಸ, ಕೆಂಪು ಧೂಳು, ಒಂದರ ಹಿಂದೆ ಒಂದು ಟ್ಯಾಂಕರು. ಡ್ರೈವರು "ಈಗ ಬಿಡ್ತಾರೆ ಸಾರ್" ಎಂದು ಎಂಜಿನ್ ಆಫ್ ಮಾಡಿ ಬಾಗಿಲು ತೆರೆದು ಕಾಲು ಹೊರಗೆ ಇಳಿಬಿಟ್ಟ. ಎಂಜಿನ್ ಆಫ್ ಮಾಡಿದ ಡ್ರೈವರು "ಈಗ" ಅಂದರೆ ನಂಬಬಾರದು.

ಮನೆ ಮುಟ್ಟಿದಾಗ ಹನ್ನೆರಡೂ ಮುಕ್ಕಾಲು. ಚಪ್ಪರದಲ್ಲಿ ಮೊದಲ ಪಂಕ್ತಿ ಸಾರಿನಿಂದ ಮೇಲಾರಕ್ಕೆ ದಾಟಿತ್ತು. ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಾಲು ಸುತ್ತಿ, ಕೈಯಲ್ಲಿ ಕಾಯಿಹಾಲಿನ ಕೊಡಪಾನ ಹಿಡಿದು ಬಡಿಸುತ್ತಿದ್ದವರು ಯಾರು ಎಂದುಕೊಂಡಿರಿ? ಭಾವ. ಸ್ನಾನ ಬೇರೆ ಆಗಿತ್ತು. ಹನ್ನೆರಡೂ ಐದಕ್ಕೇ ಬಂದರಂತೆ, ಹಾಸನದಲ್ಲಿ ತಿಂಡಿ ತಿಂದು, ಗುಂಡ್ಯದಲ್ಲಿ ಚಾ ಕುಡಿದು.

"ಬನ್ನಿ ಭಾವ. ಎರಡನೇ ಕಾಫಿ ಆಯ್ತಾ?"

ಮಗಳು ಬಿಡುತ್ತಾಳೆಯೇ? "ಅಪ್ಪಾ, ಐದೂಕಾಲಿಂದ ಹನ್ನೆರಡೂ ಮುಕ್ಕಾಲು, ಏಳೂವರೆ ಗಂಟೆ. ಇನ್ನೊಂದು ಒಂಬತ್ತೂವರೆ ಗಂಟೆ ಕೂತಿದ್ರೆ ಅಮೆರಿಕಾನೇ ಬರ್ತಿತ್ತು."

ನಾನು ಸುಮ್ಮನೆ ಸೋಲೊಪ್ಪುವವನಲ್ಲ. ಎರಡನೇ ಪಂಕ್ತಿಗೆ ಕಾಯುತ್ತಾ ಬಾಳೆಲೆಯ ತುಂಡಿನ ಮೇಲೆ ಉಗುರಿನಿಂದ ಲೆಕ್ಕ ಹಾಕಿದೆ. ನಿಲ್ದಾಣಕ್ಕೆ 50, ಆಕಾಶದಲ್ಲಿ 306, ಅಲ್ಲಿಂದ 55; ಒಟ್ಟು 411 ಕಿಲೋಮೀಟರ್, ಏಳೂವರೆ ಗಂಟೆ. ಗಂಟೆಗೆ 55ರ ವೇಗ. ಭಾವನದು ಸುಮಾರು 320 ಕಿಲೋಮೀಟರ್, ಆರು ಗಂಟೆ ಐವತ್ತು ನಿಮಿಷ. ಗಂಟೆಗೆ 47 ಕೂಡ ಇಲ್ಲ. "ನೋಡಿ ಭಾವ, ವೇಗದಲ್ಲಿ ನಾನೇ ಮುಂದೆ" ಎಂದೆ. ಭಾವ ಹೋಳಿಗೆಯ ತಟ್ಟೆ ಹಿಡಿದು ಒಂದು ಕ್ಷಣ ಯೋಚಿಸಿ, "ಹೌದು, ಊರೆಲ್ಲ ಸುತ್ತಿ ಬಂದಿದ್ದೀರಿ, ಇನ್ನೊಂದು ಹಾಕಿಸಿಕೊಳ್ಳಿ" ಎಂದು ಎರಡು ಹಾಕಿದರು. ಕೆಂಗೇರಿಯಿಂದ ಪುತ್ತೂರಿಗೆ ನೇರ ಗೆರೆ ಎಳೆದರೆ 250 ಕಿಲೋಮೀಟರ್ ಕೂಡ ಆಗಲಿಕ್ಕಿಲ್ಲ ಎಂಬುದನ್ನು ನಾನು ಎಲೆಯ ಮೇಲೆ ಬರೆಯಲಿಲ್ಲ.

ಊಟದ ಮೇಲೆ ಜಗಲಿಯಲ್ಲಿ ಎಲೆತಟ್ಟೆಯ ಸುತ್ತ ಇದೇ ಮಾತು ಬೆಳೆಯಿತು. ದುಬೈಯಿಂದ ಬಂದಿದ್ದ ಹೆಂಡತಿಯ ಚಿಕ್ಕಪ್ಪನ ಮಗ ತನ್ನದನ್ನು ತೆಗೆದ. ಮಂಗಳೂರಲ್ಲಿ ಬೆಳಗ್ಗೆ ಒಂಬತ್ತಕ್ಕೆ ಹತ್ತಿದರೆ ಅಲ್ಲಿ ಹನ್ನೊಂದಕ್ಕೆ ಇಳಿಯುತ್ತೇನೆ, ಅಲ್ಲಿ ಒಂಬತ್ತಕ್ಕೆ ಹತ್ತಿದರೆ ಇಲ್ಲಿ ಇಳಿಯುವಾಗ ಮಧ್ಯಾಹ್ನ ಎರಡು ಅಂದ. ಎಂಬತ್ತು ದಾಟಿದ ದೊಡ್ಡಮ್ಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ತೀರ್ಪು ಕೊಟ್ಟರು: "ಹೋಗುವಾಗ ಇಳಿಜಾರು ಅಲ್ವನಾ, ಬರುವಾಗ ಏರು."

ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಎರಡೂ ಕಡೆಗೆ ಆಗುವುದು ಮೂರೂವರೆ ಗಂಟೆಯ ಆಸುಪಾಸೇ ಎಂದು ಅವನು ವಿವರಿಸಲು ಹೋದ. ದೊಡ್ಡಮ್ಮ ಒಪ್ಪಲಿಲ್ಲ. ನನಗೆ ಒಳಗೊಳಗೇ ದೊಡ್ಡಮ್ಮನ ಮೇಲೆ ಅಭಿಮಾನ, ಯಾಕೆಂದರೆ ಏರು-ಇಳಿಜಾರು ಆಕಾಶದಲ್ಲೂ ಇದೆ. ಅವರು ದಿಕ್ಕನ್ನು ಮಾತ್ರ ಅದಲುಬದಲು ಮಾಡಿದ್ದರು. ಚಳಿಗಾಲದಲ್ಲಿ ಮೇಲೆ ಪಡುವಣದಿಂದ ಮೂಡಣಕ್ಕೆ ಜೋರು ಗಾಳಿ ಹರಿಯುತ್ತದೆ. ಕೊಲ್ಲಿಯಿಂದ ಬರುವವರಿಗೆ ಬೆನ್ನಿಗೆ, ಹೋಗುವವರಿಗೆ ಎದೆಗೆ. ಉತ್ತರಕ್ಕೆ ಹೋದಷ್ಟೂ ಅದರ ಪೊಗರು ಹೆಚ್ಚು. ಲಂಡನ್ನಿಗೆ ಹೋಗುವುದಕ್ಕಿಂತ ಬರುವುದು ಬೇಗ ಮುಗಿಯುವುದು ಅದರಿಂದಲೇ. ಈ ಮೇಲ್ಗಾಳಿಯ ಹೊಳೆಯನ್ನು 1920ರ ದಶಕದಲ್ಲೇ ಬೆಲೂನು ಬಿಟ್ಟು ಅಳೆದವರು ಜಪಾನಿನ ವಾಸಾಬುರೋ ಓಯಿಶಿ. ಜಗತ್ತಿಗೆಲ್ಲ ತಿಳಿಯಲಿ ಎಂದು ಅವರು ತಮ್ಮ ವರದಿಯನ್ನು ಎಸ್ಪರಾಂಟೋ ಎಂಬ ವಿಶ್ವಭಾಷೆಯಲ್ಲಿ ಬರೆದರು. ಯಾರೂ ಓದಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಾಂಬರುಗಳು ಆ ಗಾಳಿಗೆ ಎದುರಾಗಿ ಸಿಕ್ಕಿಹಾಕಿಕೊಂಡು ಒದ್ದಾಡಿದವು. ಕನ್ನಡದಲ್ಲಿ ಬರೆಯುವ ನಮ್ಮಂಥವರಿಗೆ ಓಯಿಶಿ ಬಗ್ಗೆ ಒಂದು ವಿಶೇಷ ಮಮತೆ ಇರಬೇಕು.

"ನೋಡು, ನಾನು ಹೇಳಲಿಲ್ವಾ" ಎಂದು ದೊಡ್ಡಮ್ಮ ಮತ್ತೆ ಅಡಿಕೆಗೆ ಕತ್ತರಿ ಹಾಕಿದರು.

ಮರುದಿನ ಸಂಜೆ ವಾಪಸು. ವಿಮಾನದ ಟಿಕೆಟ್ಟು ಹೋಗುವುದಕ್ಕೆ ಮಾತ್ರ ಮಾಡಿಸಿದ್ದೆ ಎಂಬುದನ್ನು ಇಷ್ಟು ಹೊತ್ತೂ ಹೇಳಿರಲಿಲ್ಲ. ಶಿರಾಡಿಯಲ್ಲಿ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂತಿದ್ದೆ. ಇಡ್ಲಿಯ ವಿಚಾರ ಇಲ್ಲಿ ಬೇಡ. ಹಾಸನದ ಬೈಪಾಸಿಗೆ ಬರುವಾಗ ಪೂರ್ತಿ ಕತ್ತಲು. ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಪ್ಪಾ, ಅಲ್ಲಿ ನೋಡು, ವಿಮಾನ!" ಎಂದಳು. ಕೆಂಪು ದೀಪ ಮಿಣಕುತ್ತಾ ಪಡುವಣಕ್ಕೆ ಹೋಗುತ್ತಿತ್ತು.

ನನ್ನ ಜೀವ ತಡೆಯಲಿಲ್ಲ. "ಮಂಗಳೂರಿಂದೇ ಇರಬೇಕು. ಹಾಸನದ ಮೇಲೆ ಬಂತಲ್ಲ, ಈಗ ಇಳಿಯೋಕೆ ಶುರು ಮಾಡುತ್ತೆ ನೋಡು."

ಭಾವ ಇಂಡಿಕೇಟರ್ ಹಾಕಿ ಕಾರನ್ನು ಒಂದು ಹೋಟೆಲಿನ ಮುಂದೆ ತಂದು ನಿಲ್ಲಿಸಿದರು. "ನಾವೂ ಇಲ್ಲಿಯೇ ಇಳಿಯುವ ಭಾವ. ಚಾ ಕುಡಿಯದೆ ಒಂದು ಗಂಟೆ ಐದು ನಿಮಿಷ ಆಯ್ತು."